ಜರ್ಮನಿಯಲ್ಲಿ ಊಟ: ಕ್ಯಾಂಟೀನಾ, ಸ್ವಂತ ಅಡುಗೆನಾ?

ಮಂಡ್ಯದಿಂದ ಜರ್ಮನಿಗೆ ಓದಲು ಹೊರಟವರು ಕೇಳುವುದು ಇದನ್ನೇ. ಅಲ್ಲಿನ ವಿಶ್ವವಿದ್ಯಾಲಯದ ಕ್ಯಾಂಟೀನು, ಅಂದರೆ ಮೆನ್ಸಾ, ಹೋಟೆಲಿಗಿಂತ ಅಗ್ಗ. ಪಾತ್ರೆ ತೊಳೆಯೋ ಕೆಲಸವೂ ಇಲ್ಲ. ದಿನವಿಡೀ ಲ್ಯಾಬ್ ಇರುವವರಿಗೆ ಅದೇ ಸರಿ. ಆದರೆ ಆಲೂಗಡ್ಡೆ, ಪಾಸ್ತಾ ತಿಂದು ತಿಂದು ನಾಲಿಗೆ ಸತ್ತುಹೋಗುತ್ತದೆ. ಭಾನುವಾರ ಮೆನ್ಸಾ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ, ಅಂಗಡಿಗಳೂ ಅಷ್ಟೇ.

ಸ್ವಂತ ಅಡುಗೆಗೆ ಖರ್ಚು ಕಡಿಮೆ, ಸಮಯ ಜಾಸ್ತಿ. ಮುದ್ದೆ ಬಿಟ್ಟಿರಲಾರದವರಿಗೆ ಬೇರೆ ದಾರಿಯಿಲ್ಲ, ಅಲ್ವಾ? ಮುದ್ದೆ ಕೋಲು ಒಯ್ಯಿರಿ. ಬರೀ ಅಲ್ಯೂಮಿನಿಯಂ ಕುಕ್ಕರ್ ಬೇಡ, ಇಂಡಕ್ಷನ್ ಒಲೆಯಾದರೆ ಬಿಸಿಯೇ ಆಗುವುದಿಲ್ಲ. ಮಿಕ್ಸಿ ನಡೆಯುತ್ತದೆ, ಅಲ್ಲೂ 230 ವೋಲ್ಟ್, ಪ್ಲಗ್ ಅಡಾಪ್ಟರ್ ಸಾಕು. ಅಮ್ಮನ ತುಪ್ಪ ಮಾತ್ರ ಮನೆಯಲ್ಲೇ ಇರಲಿ: ಐರೋಪ್ಯ ಒಕ್ಕೂಟದೊಳಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ.

ರೂಮಿನವರು ಹೊಂದಿಕೊಂಡರೆ ಸರದಿ ಅಡುಗೆಯೂ ಆದೀತು.