ಕೀಲಿಯನ್ನೇ ಬಿಟ್ಟ ಬ್ಯಾಕಪ್: ‘ಪಾಸ್’ ಬಳಸುವವರಿಗೆ ಒಂದು ಎಚ್ಚರಿಕೆ

ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲೇ ಪಾಸ್‌ವರ್ಡ್‌ಗಳನ್ನು ನಿರ್ವಹಿಸುವ ‘ಪಾಸ್’ ಎಂಬ ತಂತ್ರಾಂಶವನ್ನು ಆರು ವರ್ಷ ನೆಮ್ಮದಿಯಿಂದ ಬಳಸಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ನನ್ನ ನೂರ ಎಂಬತ್ತಕ್ಕೂ ಹೆಚ್ಚು ಪಾಸ್‌ವರ್ಡ್‌ಗಳನ್ನು ಒಟ್ಟಿಗೇ ಕಳೆದುಕೊಂಡೆ. ತಂತ್ರಾಂಶದ ದೋಷವೇನೂ ಇದರಲ್ಲಿರಲಿಲ್ಲ. ನನ್ನ ಕೈಯಿಂದ ಆದ ತಪ್ಪು ತೀರಾ ಸಣ್ಣದು, ಲಿನಕ್ಸ್ ಚೆನ್ನಾಗಿ ಬಲ್ಲೆವೆಂದುಕೊಂಡವರೂ ಸುಲಭವಾಗಿ ಮಾಡಬಹುದಾದದ್ದು. ಆದ್ದರಿಂದಲೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಜೇಸನ್ ಡೊನೆನ್‌ಫೆಲ್ಡ್ ಅವರು 2012ರಲ್ಲಿ ಹೊರತಂದ ‘ಪಾಸ್’ ವಾಸ್ತವವಾಗಿ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್ ಆಜ್ಞೆಗಳನ್ನು ಬರೆದಿಟ್ಟ ಒಂದು ಕಡತ. ಪ್ರತಿಯೊಂದು ಪಾಸ್‌ವರ್ಡನ್ನೂ ಅದು ಜಿಪಿಜಿ ಎಂಬ ತಂತ್ರಾಂಶದ ಮೂಲಕ ಗೂಢಲಿಪೀಕರಿಸಿ (ಕೀಲಿಯಿಲ್ಲದೆ ಓದಲಾಗದಂತೆ ಮಾಡಿ) ಪ್ರತ್ಯೇಕ ಕಡತವಾಗಿ ‘.ಪಾಸ್‌ವರ್ಡ್-ಸ್ಟೋರ್’ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಬೇಕೆಂದರೆ ಆ ಫೋಲ್ಡರನ್ನು, ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶದ ಮೂಲಕ ಬೇರೊಂದು ಸರ್ವರಿಗೂ ಕಳುಹಿಸಬಹುದು. ನಾನು ಹಾಗೆಯೇ ಮಾಡುತ್ತಿದ್ದೆ, ಮತ್ತು ಅದನ್ನೇ ಬ್ಯಾಕಪ್ ಎಂದು ನಂಬಿದ್ದೆ. ಆದರೆ ಆ ಕಡತಗಳನ್ನು ಬಿಡಿಸುವ ಖಾಸಗಿ ಕೀಲಿ ಆ ಫೋಲ್ಡರಿನಲ್ಲಿ ಇರುವುದಿಲ್ಲ, ಅದು ‘.ಗ್ನೂಪಿಜಿ’ ಎಂಬ ಬೇರೆಯೇ ಫೋಲ್ಡರಿನಲ್ಲಿ ಇರುತ್ತದೆ. ನಾವು ದಿನವೂ ಟೈಪ್ ಮಾಡುವ ಪಾಸ್‌ಫ್ರೇಸ್ ಆ ಕೀಲಿಯ ಮೇಲಿರುವ ಬೀಗವನ್ನಷ್ಟೇ ತೆಗೆಯುತ್ತದೆ. ಕೀಲಿಯೇ ಇಲ್ಲದಿದ್ದರೆ ಪಾಸ್‌ಫ್ರೇಸ್ ಎಷ್ಟು ಚೆನ್ನಾಗಿ ನೆನಪಿದ್ದರೂ ಪ್ರಯೋಜನವಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆರು ವರ್ಷದಲ್ಲಿ ಅದರ ಬಗ್ಗೆ ಯೋಚಿಸುವ ಸಂದರ್ಭವೇ ಬಂದಿರಲಿಲ್ಲ.

ಆ ದಿನ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹೊಸದಾಗಿ ಹಾಕಿಕೊಳ್ಳಲು ಕುಳಿತೆ. ಹೋಮ್ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ನಕಲಿಸಲು ‘ಸಿಪಿ’ ಆಜ್ಞೆಗೆ ನಕ್ಷತ್ರ ಚಿಹ್ನೆಯನ್ನು ಕೊಟ್ಟೆ. ಶೆಲ್‌ನಲ್ಲಿ ಆ ನಕ್ಷತ್ರ ಎಲ್ಲವನ್ನೂ ಒಳಗೊಳ್ಳುತ್ತದೆ ಎಂದು ತೋರಿದರೂ ಹೆಸರು ಚುಕ್ಕೆಯಿಂದ ಆರಂಭವಾಗುವ ಕಡತಗಳನ್ನೂ ಫೋಲ್ಡರ್‌ಗಳನ್ನೂ ಬಿಟ್ಟುಬಿಡುತ್ತದೆ, ಬಿಟ್ಟೆ ಎಂದು ಹೇಳುವುದೂ ಇಲ್ಲ. ನಕಲು ಮುಗಿದ ಮೇಲೆ ಫೈಲ್ ಮ್ಯಾನೇಜರಿನಲ್ಲಿ ತೆರೆದು ನೋಡಿದೆ. ಫೋಟೋಗಳು, ಬರಹಗಳು, ಅಪ್ಪನ ಪಿಂಚಣಿಯ ಕಾಗದಪತ್ರಗಳು ಎಲ್ಲವೂ ಇದ್ದವು. ಫೈಲ್ ಮ್ಯಾನೇಜರ್ ಕೂಡ ಚುಕ್ಕೆಯ ಫೋಲ್ಡರ್‌ಗಳನ್ನು ಮರೆಮಾಡುವುದರಿಂದ ಅವು ಅಲ್ಲಿ ಕಾಣದಿದ್ದುದು ನನಗೆ ವಿಚಿತ್ರವೆನಿಸಲಿಲ್ಲ. ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದೆ.

ಸಂಜೆ ಗಿಟ್‌ನಿಂದ ಪಾಸ್‌ವರ್ಡ್‌ಗಳ ಫೋಲ್ಡರನ್ನು ಇಳಿಸಿಕೊಂಡು, ಇಮೇಲ್ ಖಾತೆಯ ಪಾಸ್‌ವರ್ಡ್ ಕೇಳಿದಾಗ ಪಾಸ್‌ಫ್ರೇಸ್ ಕೇಳುವ ಕಿಟಕಿ ಬರಲೇ ಇಲ್ಲ. ಅದರ ಬದಲು ‘ಡಿಕ್ರಿಪ್ಷನ್ ಫೇಲ್ಡ್: ನೋ ಸೀಕ್ರೆಟ್ ಕೀ’ ಎಂಬ ಒಂದೇ ಸಾಲು ಬಂತು. ಬೇರೆ ನಾಲ್ಕೈದು ಖಾತೆಗಳನ್ನು ಪ್ರಯತ್ನಿಸಿದೆ, ಅದೇ ಸಾಲು. ಡಿಸ್ಕ್ ಎಸ್‌ಎಸ್‌ಡಿಯಾಗಿದ್ದುದರಿಂದಲೂ, ಅದರ ಮೇಲೆ ಆಗಲೇ ಹೊಸ ವ್ಯವಸ್ಥೆ ಕುಳಿತಿದ್ದುದರಿಂದಲೂ, ಅಳಿಸಿದ್ದನ್ನು ಮರಳಿ ಪಡೆಯುವ ತಂತ್ರಾಂಶಗಳಿಗೆ ಏನೂ ಸಿಗಲಿಲ್ಲ.

ಎರಡು ವರ್ಷದ ಹಿಂದೆ ಒಂದು ಹಳೆಯ ಹಾರ್ಡ್ ಡಿಸ್ಕಿಗೆ ‘.ಗ್ನೂಪಿಜಿ’ ಸಮೇತ ಎಲ್ಲವನ್ನೂ ಸರಿಯಾಗಿಯೇ ನಕಲಿಸಿದ್ದೆ ಎಂಬುದು ರಾತ್ರಿ ಊಟದ ಹೊತ್ತಿಗೆ ನೆನಪಾಯಿತು. ಅರ್ಧಕ್ಕೇ ಎದ್ದು ಹೋಗಿ ಅಟ್ಟದಿಂದ ಅದನ್ನು ಹುಡುಕಿ ತಂದು ಜೋಡಿಸಿದೆ. ಆ ಡಿಸ್ಕನ್ನು, ಇಡೀ ಡಿಸ್ಕಿಗೇ ಬೀಗ ಹಾಕುವ ಲಕ್ಸ್ ಎಂಬ ವಿಧಾನದಲ್ಲಿ ಗೂಢಲಿಪೀಕರಿಸಿದ್ದೆ, ಮತ್ತು ಅದರ ಪಾಸ್‌ಫ್ರೇಸನ್ನು ‘ಪಾಸ್’ ಮೂಲಕವೇ ಸೃಷ್ಟಿಸಿ ‘ಪಾಸ್’ನಲ್ಲೇ ಇಟ್ಟಿದ್ದೆ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಉದ್ದ ಹೇಳದಿದ್ದರೆ ‘ಪಾಸ್’ ಇಪ್ಪತ್ತೈದು ಅಕ್ಷರಗಳ ಯಾದೃಚ್ಛಿಕ ಪಾಸ್‌ವರ್ಡ್ ಕೊಡುತ್ತದೆ. ಅದನ್ನು ಊಹಿಸುವ ಮಾತೇ ಇಲ್ಲ.

ಖಾತೆಗಳನ್ನು ಒಂದೊಂದಾಗಿ ಮರಳಿ ಪಡೆಯಲು ಮೂರು ವಾರ ಬೇಕಾಯಿತು. ಅದಕ್ಕೆ ನೆರವಾದದ್ದು ‘ಪಾಸ್’ನ ಒಂದು ಕೊರತೆಯೇ: ಅದು ಕಡತದ ಒಳಗಿರುವುದನ್ನು ಮಾತ್ರ ಗೂಢಲಿಪೀಕರಿಸುತ್ತದೆ, ಕಡತದ ಹೆಸರನ್ನಲ್ಲ. ಹಾಗಾಗಿ ಯಾವ ಬ್ಯಾಂಕು, ಯಾವ ಅಂಗಡಿ, ಯಾವ ಇಮೇಲ್ ಎಂಬ ಪೂರ್ತಿ ಪಟ್ಟಿ ನನ್ನ ಕಣ್ಣೆದುರಿಗಿತ್ತು. (ನಿಮ್ಮ ಗಿಟ್ ಸರ್ವರಿಗೆ ನುಗ್ಗಿದವನ ಕಣ್ಣೆದುರಿಗೂ ಅದೇ ಪಟ್ಟಿ ಇರುತ್ತದೆ ಎಂಬುದು ಬೇರೆ ಮಾತು.) ಮೊಬೈಲಿಗೆ ಒಟಿಪಿ ಬರುವ ಖಾತೆಗಳು ಸುಲಭವಾಗಿ ಮರಳಿದವು. ಎರಡನೆಯ ಹಂತದ ಆರಂಕಿಯ ಸಂಕೇತಗಳನ್ನು ‘ಪಾಸ್’ನ ಒಟಿಪಿ ವಿಸ್ತರಣೆಯಿಂದಲೇ ಪಡೆಯುತ್ತಿದ್ದ ಖಾತೆಗಳದ್ದು ದೊಡ್ಡ ರಗಳೆಯಾಯಿತು, ಏಕೆಂದರೆ ಅವುಗಳ ಎರಡೂ ಬೀಗಗಳ ಕೀಲಿಯನ್ನು ಅನುಕೂಲಕ್ಕೆಂದು ಒಂದೇ ಕಡೆ ಇಟ್ಟಿದ್ದೆ. ಅಂಥ ಎರಡು ಖಾತೆಗಳು ಕೊನೆಗೂ ಸಿಗಲಿಲ್ಲ.

ಈಗ ಹೊಸ ಕೀಲಿ ಮಾಡಿಕೊಂಡಿದ್ದೇನೆ. ಜಿಪಿಜಿಯ ‘ಎಕ್ಸ್‌ಪೋರ್ಟ್-ಸೀಕ್ರೆಟ್-ಕೀಸ್’ ಆಯ್ಕೆಯಿಂದ ಅದನ್ನು ಪಠ್ಯರೂಪದಲ್ಲಿ ಹೊರತೆಗೆದು, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇನ್ನೊಂದನ್ನು ಕಾಗದದಲ್ಲಿ ಮುದ್ರಿಸಿ ಊರಿನ ಮನೆಯ ಬೀರುವಿನಲ್ಲೂ ಇಟ್ಟಿದ್ದೇನೆ. ಕೀಲಿಯ ಪಾಸ್‌ಫ್ರೇಸ್ ನನ್ನ ತಲೆಯಲ್ಲಿದೆ, ಹಾರ್ಡ್ ಡಿಸ್ಕಿನದೂ ಈಗ ಅಲ್ಲಿಯೇ ಇದೆ. ಕೀಲಿ ಮಾಡುವಾಗ ಅದರ ಅವಧಿಯನ್ನೂ ಗಮನಿಸಿ: ಅವಧಿ ಮುಗಿದ ಕೀಲಿಯಿಂದ ಹಳೆಯ ಪಾಸ್‌ವರ್ಡ್‌ಗಳನ್ನು ಓದಬಹುದು, ಆದರೆ ಅವಧಿಯನ್ನು ವಿಸ್ತರಿಸುವವರೆಗೆ ಹೊಸದನ್ನು ಸೇರಿಸಲಾಗುವುದಿಲ್ಲ.

ಇಷ್ಟು ಮಾಡಿಯೂ ನನಗೆ ಧೈರ್ಯ ಬರಲಿಲ್ಲವಾದ್ದರಿಂದ ಲ್ಯಾಪ್‌ಟಾಪಿನಲ್ಲಿ ಖಾಲಿಯಾದ ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು, ಪೆನ್‌ಡ್ರೈವ್ ಮತ್ತು ಗಿಟ್ ಇವೆರಡರಿಂದಲೇ ಎಲ್ಲವನ್ನೂ ಮರುಸ್ಥಾಪಿಸಿ ನೋಡಿದೆ. ಹಳೆಯ ಪಾಸ್‌ವರ್ಡ್‌ಗಳು ತೆರೆದವು, ಆದರೆ ಹೊಸದೊಂದನ್ನು ಸೇರಿಸಲು ಹೋದಾಗ ಜಿಪಿಜಿ ಒಪ್ಪಲಿಲ್ಲ. ಆಮದು ಮಾಡಿಕೊಂಡ ಕೀಲಿ ನನ್ನದೇ ಎಂಬ ನಂಬಿಕೆಯ ದಾಖಲೆ ಕೀಲಿಯ ಜೊತೆಗೆ ಬರುವುದಿಲ್ಲವಂತೆ. ‘ಎಡಿಟ್-ಕೀ’ಯೊಳಗೆ ಹೋಗಿ ಟ್ರಸ್ಟ್ ಮಟ್ಟವನ್ನು ಅಲ್ಟಿಮೇಟ್ ಎಂದು ಬದಲಿಸಿದ ಮೇಲೆ ಸರಿಹೋಯಿತು. ಅದನ್ನೂ ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿರುವ ಆ ಕಾಗದಕ್ಕೆ ಪಿನ್ ಮಾಡಿದ್ದೇನೆ.