ಮಾಳಿಗೆ ಮೇಲಿನ ಹವಾಮಾನ ಕೇಂದ್ರ: ಹಲವು ಹಂಗಾಮು ಬಳಸಿದ ಮೇಲೆ

ಗುಡುಗು ಮಳೆ ನೋಡುವ ಹುಚ್ಚಿರುವ ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆ: ಈ ಆಲ್-ಇನ್-ಒನ್ ವೈಫೈ ಹವಾಮಾನ ಕೇಂದ್ರ ತಗೋಬಹುದಾ? ಗಾಳಿಗೆ ತಿರುಗುವ ಕಪ್, ದಿಕ್ಕು ತೋರಿಸುವ ಬಾಲ, ಮಳೆಮಾಪಕ, ಉಷ್ಣಾಂಶದ ಸೆನ್ಸರ್ ಎಲ್ಲ ಒಂದೇ ಕಂಬದ ಮೇಲೆ, ಮನೆಯೊಳಗೆ ಡಿಸ್‌ಪ್ಲೇ, ಸಿಡಿಲಿನ ಸೆನ್ಸರ್ ಬೇರೆ ಡಬ್ಬಿ. ಒಂದೇ ಮಾಲು ನಾಲ್ಕಾರು ಹೆಸರಲ್ಲಿ ಮಾರಾಟವಾಗುವುದರಿಂದ ಬ್ರ್ಯಾಂಡ್ ಬಿಟ್ಟು ಬರೆಯುತ್ತಿದ್ದೇನೆ. ನನ್ನ ಉತ್ತರ ಇಷ್ಟು: ಗಾಳಿ ಮತ್ತು ಒತ್ತಡದ ದಾಖಲೆಗಾಗಿ ಖಂಡಿತ ತಗೊಳ್ಳಿ, ಸಿಡಿಲಿನ ಸೆನ್ಸರ್ ಆಸೆಗೆ ಬೇಡ.

ಮೋಡ ಎದ್ದಾಗ ನಾವೆಲ್ಲ ತೆರೆಯುವುದು ಹವಾಮಾನ ಇಲಾಖೆಯ ಗೋವಾ ರೇಡಾರ್. ಪಣಜಿಯಿಂದ ಹುಬ್ಬಳ್ಳಿ ನೇರವಾಗಿ ಸುಮಾರು 140 ಕಿ.ಮೀ. ಅಲ್ಲಿಂದ 0.5 ಡಿಗ್ರಿ ಕೋನದಲ್ಲಿ ಹೊರಟ ಕಿರಣ, ಭೂಮಿಯ ಬಾಗು ಸೇರಿ, ಹುಬ್ಬಳ್ಳಿ ಮೇಲೆ ಬರುವಷ್ಟರಲ್ಲಿ ಸಮುದ್ರಮಟ್ಟದಿಂದ 2.3 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಗದಗ, ಹಾವೇರಿ ಹೊತ್ತಿಗೆ ಮೂರೂವರೆ ದಾಟಿರುತ್ತದೆ. 12-15 ಕಿ.ಮೀ. ಬೆಳೆದ ಮೋಡ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆದರೆ ಆ ಮೋಡದಿಂದ ಕೆಳಗಿಳಿದು ನೆಲದಗುಂಟ ನುಗ್ಗುವ ತಂಪು ಗಾಳಿ, ಅಂದರೆ ಗಿಡ ಉರುಳಿಸಿ ತಗಡು ಹಾರಿಸುವ ಗಾಳಿ, ಸಾಮಾನ್ಯವಾಗಿ ಆ ಕಿರಣದ ಕೆಳಗೇ ಹಾದುಹೋಗಿಬಿಡುತ್ತದೆ. ಅದನ್ನು ಹಿಡಿಯುವುದು ಮಾಳಿಗೆ ಮೇಲಿನ ಕೇಂದ್ರವೇ.

ಭರಣಿ, ಕೃತ್ತಿಕಾ ಮಳೆಯ ದಿನಗಳಲ್ಲಿ ಪೂರ್ವದ ಅಣ್ಣಿಗೇರಿ ಕಡೆ ಕಟ್ಟಿದ ಮೋಡ ಹುಬ್ಬಳ್ಳಿಯತ್ತ ಸರಿದಾಗ ಗ್ರಾಫ್ ನೋಡಬೇಕು. ಪಶ್ಚಿಮದಿಂದ ಬೀಸುತ್ತಿದ್ದ ಗಾಳಿ ಪಟಕ್ಕನೆ ತಿರುಗಿ ಪೂರ್ವದಿಂದ ಬೀಸುತ್ತದೆ. ಹತ್ತು ನಿಮಿಷದೊಳಗೆ ಒತ್ತಡ 1ರಿಂದ 3 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಮೇಲೆ ಜಿಗಿಯುತ್ತದೆ. 37 ಡಿಗ್ರಿ ಇದ್ದದ್ದು 25ಕ್ಕೆ ಬರುತ್ತದೆ. ಅಷ್ಟಾದರೂ ಒಂದು ಹನಿ ಬಿದ್ದಿರುವುದಿಲ್ಲ. ಇಡೀ ಗುಡುಗು ಮಳೆಯ ಎಂಜಿನ್ ಕಣ್ಣಿಗೆ ಬೀಳುವುದು ಈ ಹತ್ತು ನಿಮಿಷದಲ್ಲಿ.

ಆ ಹತ್ತು ನಿಮಿಷ ದಾಖಲೆಯಿಂದ ತಪ್ಪಿಹೋಗಲು ಎರಡು ಕಾರಣ. ಒಂದು, ದಾಖಲೆಯ ಅಂತರ. ಕಂಬದ ಸೆನ್ಸರ್ 16 ಸೆಕೆಂಡಿಗೊಮ್ಮೆ ಮಾಹಿತಿ ಕಳಿಸಿದರೂ ಡಿಸ್‌ಪ್ಲೇ ಅದನ್ನು 5 ಅಥವಾ 30 ನಿಮಿಷಕ್ಕೊಮ್ಮೆ ಮಾತ್ರ ಉಳಿಸುವ ಹಾಗೆ ಸೆಟ್ ಆಗಿರುತ್ತದೆ. ಮೊದಲ ದಿನವೇ 1 ನಿಮಿಷಕ್ಕೆ ಇಳಿಸಿ. ಎರಡು, ಕರೆಂಟು. ಬಿರುಗಾಳಿ ಶುರುವಾದ ಕೂಡಲೇ ಕರೆಂಟು ಹೋಗುತ್ತದೆ, ರೂಟರ್ ಆರುತ್ತದೆ, ಗ್ರಾಫ್‌ನಲ್ಲಿ ಬೇಕಾದ ಜಾಗದಲ್ಲೇ ಖಾಲಿ. ಡಿಸ್‌ಪ್ಲೇ ಒಳಗಿನ ಬ್ಯಾಟರಿ ಹಲವು ಮಾಡೆಲ್‌ಗಳಲ್ಲಿ ಗಡಿಯಾರ ಉಳಿಸುವುದಕ್ಕಷ್ಟೇ ಸಾಕು. ರೂಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್, ಡಿಸ್‌ಪ್ಲೇಗೆ 5 ವೋಲ್ಟಿನ ಪವರ್ ಬ್ಯಾಂಕ್ ಇಡಿ. ಕೊಳ್ಳುವಾಗ ಸ್ವಂತ ಮೆಮೊರಿ ಅಥವಾ ಎಸ್‌ಡಿ ಕಾರ್ಡ್ ಇರುವುದನ್ನೇ ಆರಿಸಿ.

ಮಳೆಮಾಪಕ ಕೆಲಸ ಬೇಡುವ ಭಾಗ. ಮಗುಚುವ ಬಟ್ಟಲು ಒಮ್ಮೆ ಬಾಗಿದರೆ 0.3 ಮಿ.ಮೀ. ಎಂದು ಲೆಕ್ಕ. ಗಂಟೆಗೆ 100 ಮಿ.ಮೀ. ವೇಗದಲ್ಲಿ ಸುರಿದಾಗ ಅದು ಸುಮಾರು 11 ಸೆಕೆಂಡಿಗೊಮ್ಮೆ ಮಗುಚಬೇಕು. ಮಗುಚುವ ಕ್ಷಣದಲ್ಲಿ ಬಿದ್ದ ನೀರು ಎಣಿಕೆಗೆ ಸಿಗದೆ ಹೋಗುತ್ತದೆ. ಹಾಗಾಗಿ ಜೋರು ಮಳೆಯಲ್ಲಿ ಕಡಿಮೆಯೇ ತೋರಿಸುತ್ತದೆ. ಪರೀಕ್ಷೆ ಸುಲಭ. ಮೇಲಿನ ಬಾಯಿ 11 ಸೆಂ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ 95 ಚದರ ಸೆಂ.ಮೀ., ಅಂದರೆ 95 ಮಿ.ಲೀ. ನೀರು 10 ಮಿ.ಮೀ. ಮಳೆಗೆ ಸಮ. ಔಷಧಿ ಅಂಗಡಿಯ ಸಲೈನ್ ಪೈಪಿನಿಂದ ಅರ್ಧ ಗಂಟೆಯಲ್ಲಿ ಇಳಿಯುವಂತೆ ಹನಿಸಿ. 8.7 ತೋರಿಸಿದರೆ ಸೆಟ್ಟಿಂಗ್‌ನಲ್ಲಿ ಗುಣಕವನ್ನು 1.15 ಮಾಡಿ. ಆದರೆ ಅದಕ್ಕೂ ಮೊದಲು ಒಳಗೆ ಬಿಚ್ಚಿ ನೋಡಿ: ಎರೆಮಣ್ಣಿನ ಧೂಳು ಮೊದಲ ಮಳೆಗೆ ಕೆಸರಾಗಿ ತೂತು ಮುಚ್ಚಿರುತ್ತದೆ, ಜೇಡ ಬಟ್ಟಲಿಗೇ ಬಲೆ ಕಟ್ಟಿರುತ್ತದೆ. ಯುಗಾದಿ ಹೊತ್ತಿಗೆ ತೊಳೆದಿಟ್ಟರೆ ಅಶ್ವಿನಿ ಮಳೆಗೆ ಸಜ್ಜು. ಆಲಿಕಲ್ಲು ಬಿದ್ದ ದಿನ ಮಳೆ ನಿಂತ ಮೇಲೂ 0.3, 0.6 ಏರುತ್ತಿದ್ದರೆ ಗಾಬರಿ ಬೇಡ, ಕರಗಿದ ನೀರು ಅದು.

ಉಷ್ಣಾಂಶ ಕಾಂಕ್ರೀಟಿನ ಮೇಲೆ ಬೇಸಿಗೆಯ ಮಧ್ಯಾಹ್ನ ಎರಡು-ಮೂರು ಡಿಗ್ರಿ ಹೆಚ್ಚೇ ಬರುತ್ತದೆ; ಏರಿಳಿತ ನಂಬಿ, ದಾಖಲೆಯ ಗರಿಷ್ಠ ಎಂದು ಹೇಳಿಕೊಳ್ಳಬೇಡಿ. ಒತ್ತಡವನ್ನು ಸಮುದ್ರಮಟ್ಟಕ್ಕೆ ಹೊಂದಿಸದೆ ಇದ್ದರೆ ಧಾರವಾಡದ ಗೆಳೆಯರ ಅಂಕಿಗೂ ಹುಬ್ಬಳ್ಳಿಯ ಅಂಕಿಗೂ ತಾಳೆಯಾಗುವುದಿಲ್ಲ, ಎತ್ತರ ಬೇರೆ.

ಈಗ ಸಿಡಿಲಿನ ಡಬ್ಬಿ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಎಎಸ್3935 ಎಂಬ ಚಿಪ್, 500 ಕಿಲೋಹರ್ಟ್ಸ್ ಆಸುಪಾಸಿನ ರೇಡಿಯೊ ಸದ್ದು ಕೇಳಿ 40 ಕಿ.ಮೀ. ವರೆಗೆ ದೂರ ಅಂದಾಜಿಸುತ್ತದೆ. ಆ ದೂರ ಮೋಡದ ಮುಂಚೂಣಿಯದು, ಒಂದೊಂದು ಸಿಡಿಲಿನದಲ್ಲ. ದಿಕ್ಕು ಹೇಳುವುದೇ ಇಲ್ಲ. ಎಲ್‌ಇಡಿ ಬಲ್ಬು, ಇನ್ವರ್ಟರ್, ನೀರಿನ ಮೋಟರ್ ಹತ್ತಿರವಿದ್ದರೆ ಬರಿಗಾಳಿಯಲ್ಲೇ ಸಿಡಿಲು ಎಣಿಸುತ್ತದೆ, ಆದ್ದರಿಂದ ಅವುಗಳಿಂದ ಐದಾರು ಮೀಟರ್ ದೂರ ಇಡಿ. ದಿಕ್ಕಿಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ದಾಮಿನಿ ಆ್ಯಪ್ ನೋಡಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿ.ಮೀ. ಲೆಕ್ಕ ಸಿಗುತ್ತದೆ. ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ, ಡಿಸ್‌ಪ್ಲೇ ಏನೇ ಹೇಳಲಿ, ಒಳಗೆ ಬನ್ನಿ. ಕೊನೆಯ ಗುಡುಗಿನಿಂದ 30 ನಿಮಿಷ ಮಾಳಿಗೆ ಹತ್ತಬೇಡಿ. ಕಬ್ಬಿಣದ ಕಂಬ ನಿಲ್ಲಿಸಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ, ಕಂಬದಿಂದ ಮನೆಯೊಳಗೆ ಯಾವ ತಂತಿಯನ್ನೂ ಎಳೆಯಬೇಡಿ.