ಎರಡನೇ ಗ್ರಾಫಿಕ್ಸ್ ಕಾರ್ಡಿಗೆ ಅಡ್ರೆಸ್ ಸಿಗದಿದ್ದಾಗ: ಕರ್ನಲ್ ಆಪ್ಷನ್ನಾ, ಬಯೋಸ್ ಸೆಟ್ಟಿಂಗಾ?

ನನ್ನ ಹಳೇ ಡೆಸ್ಕ್‌ಟಾಪಿಗೆ ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಲಿನಕ್ಸ್ ಬೂಟ್ ಆಯ್ತು, ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್ ಕಾರ್ಡನ್ನು ತೋರಿಸಿತು, ಡ್ರೈವರ್ ಮಾತ್ರ ಲೋಡ್ ಆಗಲಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಟ್ಟ ಲಾಗ್ ತೆಗೆದರೆ ‘ಬಾರ್ 1: ನೋ ಸ್ಪೇಸ್ ಫಾರ್’ ಅಂತ ಒಂದು ಸಾಲು.

ಬಾರ್ ಅಂದರೆ ಕಾರ್ಡ್ ತನಗೆ ಮೆಮೊರಿ ಅಡ್ರೆಸ್‌ಗಳಲ್ಲಿ ಎಷ್ಟು ಜಾಗ ಬೇಕು ಅಂತ ಹೇಳುವ ರಿಜಿಸ್ಟರ್. ಕರ್ನಲ್ ಅದಕ್ಕೆ ಎಲ್ಲಾ ಬಿಟ್ಟೂ 1 ಅಂತ ಬರೆದು, ವಾಪಸ್ ಓದಿ ಅಳತೆ ತಿಳಿಯುತ್ತದೆ. 256 ಎಂಬಿ ಕೇಳಿದ ಬಾರ್ 256 ಎಂಬಿಯ ಗುಣಕದಲ್ಲೇ ಶುರುವಾಗಬೇಕು, ನಡುವೆ ಎಲ್ಲೋ ತುರುಕಲು ಆಗುವುದಿಲ್ಲ. ನನ್ನ ಬೋರ್ಡಿನಲ್ಲಿ ಇದಕ್ಕೆಲ್ಲಾ ಇದ್ದ ಅಡ್ರೆಸ್ ಜಾಗ 3 ಜಿಬಿಯಿಂದ 4 ಜಿಬಿವರೆಗೆ. ಮೊದಲ ಕಾರ್ಡ್ 3 ಜಿಬಿಯಿಂದ 256 ಎಂಬಿ ಹಿಡಿದು, ಪಕ್ಕದಲ್ಲೇ ತನ್ನ ಇನ್ನೊಂದು ಬಾರ್‌ಗೆ 32 ಎಂಬಿ ತೆಗೆದುಕೊಂಡಿತ್ತು. 3.5 ಜಿಬಿಯಿಂದ ಪಿಸಿಐ ಎಕ್ಸ್‌ಪ್ರೆಸ್‌ನ ಕಾನ್ಫಿಗರೇಷನ್ ಜಾಗ, ಅದರ ಮೇಲೆ ಇಂಟರಪ್ಟ್ ಕಂಟ್ರೋಲರ್, ಬಯೋಸ್ ಚಿಪ್. ನಡುವೆ ಉಳಿದಿದ್ದು ಹೆಚ್ಚೆಂದರೆ 224 ಎಂಬಿ. ಬೇಕಿದ್ದು 256!

ಮೊದಲು ‘ಪಿಸಿಐ=ರಿಅಲಾಕ್’ ಅನ್ನೋ ಕರ್ನಲ್ ಆಪ್ಷನ್ ಹಾಕಿದೆ. ಇದು ಬ್ರಿಡ್ಜ್‌ಗಳ (ಕಾರ್ಡುಗಳನ್ನು ಸಿಸ್ಟಮ್‌ಗೆ ಜೋಡಿಸುವ ಭಾಗಗಳ) ಕಿಟಕಿಗಳನ್ನು, ಅಂದರೆ ಅವು ಕಾರ್ಡಿನ ಕಡೆಗೆ ಬಿಡುವ ಅಡ್ರೆಸ್ ವ್ಯಾಪ್ತಿಗಳನ್ನು, ಮತ್ತೆ ಅಳೆದು ಹಂಚುತ್ತದೆ. ಬಯೋಸ್ ಒಂದು ಬ್ರಿಡ್ಜಿಗೆ ಕಡಿಮೆ ಕೊಟ್ಟಿದ್ದು, ಬೇರೆ ಕಡೆ ಜಾಗ ಖಾಲಿ ಇದ್ದರೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಒಟ್ಟು ಜಾಗವೇ ಸಾಲದಿದ್ದರೆ ಹಂಚೋದು ಏನನ್ನ? ಅದೇ ಎರರ್ ಬಂತು.

ಆಮೇಲೆ ‘ಪಿಸಿಐ=ನೋಸಿಆರ್‌ಎಸ್’. ಇದನ್ನು ಕೊಟ್ಟರೆ, ಬಯೋಸ್ ಎಸಿಪಿಐ ಟೇಬಲ್‌ನಲ್ಲಿ (ಹಾರ್ಡ್‌ವೇರ್ ಬಗ್ಗೆ ಕರ್ನಲ್‌ಗೆ ಕೊಡುವ ವಿವರದಲ್ಲಿ) ‘ಇಷ್ಟೇ ಜಾಗ ಬಳಸು’ ಅಂತ ಬರೆದಿದ್ದನ್ನ ಕರ್ನಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಡ್ರೆಸ್ ಸಿಕ್ಕಿತು, ಖುಷಿಯೂ ಆಯ್ತು, ಆದರೆ ಡ್ರೈವರ್ ಅಲ್ಲಿಂದ ಓದಿದ್ದೆಲ್ಲಾ ಬರೀ 1ಗಳು, ಯಾಕಂದ್ರೆ ಚಿಪ್‌ಸೆಟ್ ಆ ಅಡ್ರೆಸ್ಸನ್ನು ಕಾರ್ಡ್ ಕಡೆಗೆ ಕಳಿಸುತ್ತಲೇ ಇರಲಿಲ್ಲ. ದಿನಾ ಬಳಸುವ ಮಷೀನಿನಲ್ಲಿ ಇದನ್ನು ಇಡಬೇಡಿ.

ಕೊನೆಗೆ ಬಯೋಸ್‌ಗೆ ಹೋಗಿ ‘ಅಬೋವ್ 4ಜಿ ಡಿಕೋಡಿಂಗ್’ ಆನ್ ಮಾಡಿದೆ. ಇದಕ್ಕೆ ಸಿಎಸ್‌ಎಂ (ಹಳೇ ಬಯೋಸ್ ರೀತಿ ಬೂಟ್ ಮಾಡಲು ಬಿಡುವ ಸೆಟ್ಟಿಂಗ್) ಆಫ್ ಮಾಡಿ, ಹೊಸ ರೀತಿಯ ಯುಇಎಫ್‌ಐನಲ್ಲೇ ಬೂಟ್ ಮಾಡಬೇಕಾಯ್ತು, ಹಳೇ ರೀತಿ ಇನ್‌ಸ್ಟಾಲ್ ಮಾಡಿದ್ದ ಬೂಟ್‌ಲೋಡರ್ ಸರಿಮಾಡಲು ಒಂದು ಸಂಜೆ ಹೋಯ್ತು. ಆದರೆ ಎರಡೂ ಕಾರ್ಡಿನ 256 ಎಂಬಿ ಬಾರ್‌ಗಳು 4 ಜಿಬಿ ಮೇಲಕ್ಕೆ ಹೋದವು, ಕೆಳಗೆ ಬೇಕಾದಷ್ಟು ಜಾಗ ಬಿಡುವಾಯ್ತು, ಕರ್ನಲ್‌ಗೆ ಒಂದೂ ಆಪ್ಷನ್ ಕೊಡಬೇಕಾಗಲಿಲ್ಲ. ನಾನು ಉಳಿಸಿಕೊಂಡಿದ್ದು ಇದನ್ನೇ.

ಒಂದು ವಿಷಯ ಗಮನದಲ್ಲಿರಲಿ: ಮೇಲಕ್ಕೆ ಹೋಗುವುದು 64 ಬಿಟ್ ಪ್ರಿಫೆಚಬಲ್ (ಮುಂಚೆಯೇ ಓದಿಟ್ಟುಕೊಂಡರೂ ತೊಂದರೆಯಿಲ್ಲದ) ಬಾರ್‌ಗಳು ಮಾತ್ರ. ಬ್ರಿಡ್ಜಿನ ನಾನ್-ಪ್ರಿಫೆಚಬಲ್ ಕಿಟಕಿ 32 ಬಿಟ್, ಹಾಗಾಗಿ ನನ್ನ ಕಾರ್ಡುಗಳ 16 ಎಂಬಿ ಬಾರ್ ಕೆಳಗೇ ಇದೆ. ಜಾಸ್ತಿ ಕಾರ್ಡ್ ಹಾಕುವವರು ಮೊದಲು ಹೀಗೆ ಕೆಳಗೇ ಉಳಿಯುವ ಬಾರ್‌ಗಳ ಅಳತೆ ಕೂಡಿಸಿ ನೋಡಿ. ಬೂಟ್ ಆದಮೇಲೆ ಯಾವುದಕ್ಕೆ ಯಾವ ಅಡ್ರೆಸ್ ಸಿಕ್ಕಿದೆ ಅಂತ ‘/ಪ್ರಾಕ್/ಐಒಮೆಮ್’ ಫೈಲ್ ತೆರೆದು ನೋಡಿ, ಆದರೆ ರೂಟ್ ಆಗಿಯೇ ನೋಡಿ, ಇಲ್ಲದಿದ್ದರೆ ಎಲ್ಲಾ ಅಡ್ರೆಸ್ಸೂ ಸೊನ್ನೆ ಅಂತಲೇ ಕಾಣುತ್ತದೆ.